ಒಂದು ಹಾಡು ಸಾಲದು: ಕಾಸರಗೋಡಿನ ಕನ್ನಡ ರ‍್ಯಾಪ್‌ಗೆ ಆಲ್ಬಂ ಏಕೆ ಬೇಕು

ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕದ ಕಡೆ ಈಗ ರ‍್ಯಾಪ್ ಬರೆಯುವ ಹುಡುಗರಿಗೆ ಬರವಿಲ್ಲ. ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಫೋನಿನಲ್ಲೇ ಸಾಲು ಬರೆದು, ಯೂಟ್ಯೂಬಿನಲ್ಲಿ ಸಿಕ್ಕ ಬೀಟ್ ಹಾಕಿ, ಗೆಳೆಯನ ಕೋಣೆಯಲ್ಲಿ ರೆಕಾರ್ಡ್ ಮಾಡಿ ಒಂದು ಹಾಡು ಬಿಡುತ್ತಾರೆ. ಅದು ನಾಲ್ಕು ದಿನ ಊರವರ ವಾಟ್ಸ್ಆ್ಯಪ್ ಸ್ಟೇಟಸ್‌ಗಳಲ್ಲಿ ಓಡಾಡುತ್ತದೆ. ಆಮೇಲೆ ತಿಂಗಳುಗಟ್ಟಲೆ ಸದ್ದಿಲ್ಲ, ಮತ್ತೆ ಇನ್ನೊಂದು ಹಾಡು. ಒಬ್ಬನೇ ಕಲಾವಿದ ಎಂಟು ಹತ್ತು ಹಾಡುಗಳನ್ನು ಒಟ್ಟಾಗಿ ಯೋಚಿಸಿ, ಕಂಪನಿಯ ಹಂಗಿಲ್ಲದೆ, ಹಕ್ಕನ್ನು ತನ್ನ ಕೈಯಲ್ಲೇ ಇಟ್ಟುಕೊಂಡು ಪೂರ್ಣ ಆಲ್ಬಂ ತರುವುದು ಮಾತ್ರ ಬಹಳ ಕಷ್ಟವಾಗಿ ಉಳಿದಿದೆ.

ದುಡ್ಡಿಲ್ಲದ್ದಕ್ಕೆ ಹೀಗೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ದುಡ್ಡಿನ ತೊಡಕು ಇದೆ, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕಿಂತ ದೊಡ್ಡ ತೊಡಕು ಇರುವುದು ಹಾಡನ್ನು ಕೇಳುಗರಿಗೆ ಮುಟ್ಟಿಸುವ ವ್ಯವಸ್ಥೆಯಲ್ಲಿ. ಗಡಿನಾಡಿನಂಥ ಜಾಗವೊಂದು ಇದೆ ಎಂಬುದೇ ಆ ವ್ಯವಸ್ಥೆಯ ಲೆಕ್ಕಕ್ಕೆ ಬಂದಿಲ್ಲ. ಬಿಡಿ ಹಾಡು ಸಾಲದು, ಆಲ್ಬಮೇ ಬೇಕು ಎಂದು ನಾನು ಹಠ ಹಿಡಿಯುವುದಕ್ಕೆ ಕಾರಣವೂ ಈ ಜಾಗವೇ.

ಉಪ್ಪಳದ ಹುಡುಗನೊಬ್ಬ ಮನೆಯಲ್ಲಿ ತುಳುವನ್ನೋ ಬ್ಯಾರಿಯನ್ನೋ ಆಡುತ್ತಾನೆ, ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿಯುತ್ತಾನೆ, ಸರ್ಕಾರಿ ಕಚೇರಿಯಲ್ಲಿ ಮಲಯಾಳದ ಅರ್ಜಿ ತುಂಬುತ್ತಾನೆ, ಮಂಗಳೂರಿನ ಕಾಲೇಜಿನಲ್ಲಿ ಇನ್ನೊಂದು ಬಗೆಯ ಕನ್ನಡ ಕೇಳುತ್ತಾನೆ. ಸಪ್ತಭಾಷಾ ಸಂಗಮಭೂಮಿ ಎಂಬುದು ಭಾಷಣಗಳಲ್ಲಿ ಸವೆದುಹೋದ ಮಾತಾದರೂ ಅವನ ಬಾಯಲ್ಲಿ ಅದು ದಿನನಿತ್ಯದ ಸತ್ಯ. ಮೂರು ನಿಮಿಷದ ಬಿಡಿ ಹಾಡು ಮಾಡುವಾಗ ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳದೆ ವಿಧಿಯಿಲ್ಲ. ಮಲಯಾಳದಲ್ಲಿ ಹಾಡಿದರೆ ಬೆನ್ನಿಗೆ ಕೇರಳದ ದೊಡ್ಡ ಅಲೆಯಿದೆ. ಅಲ್ಲಿ ಡಾಬ್ಝಿಯಂಥವರು ಮಲಪ್ಪುರಂ ಸೀಮೆಯ ಆಡುಮಾತನ್ನೇ ರ‍್ಯಾಪ್‌ನ ನಡುಮನೆಗೆ ತಂದು ಕೂರಿಸಿದ್ದಾರೆ. ಕನ್ನಡದಲ್ಲಿ ಹಾಡಿದರೆ ಚಂದನ್ ಶೆಟ್ಟಿ, ಆಲ್ ಓಕೆ ರೂಢಿ ಮಾಡಿದ ಬೆಂಗಳೂರಿನ ಧಾಟಿ ಎದುರಿಗಿದೆ. ಹುಡುಗ ಅದನ್ನೇ ಹಿಡಿಯುತ್ತಾನೆ, ‘ಮಚ್ಚಾ’ ಎನ್ನತೊಡಗುತ್ತಾನೆ, ತನ್ನ ಅಜ್ಜಿಗೆ ತಿಳಿಯುವ ಕನ್ನಡವನ್ನು ಹಾಡಿನ ಹೊರಗೆ ಬಿಡುತ್ತಾನೆ. ಹತ್ತು ಹಾಡಿನ ಆಲ್ಬಮಿನಲ್ಲಿ ಈ ಒತ್ತಡವಿಲ್ಲ. ಒಂದು ಹಾಡು ಹವ್ಯಕ ಕನ್ನಡದಲ್ಲಿರಬಹುದು, ಇನ್ನೊಂದರ ಕೊನೆಯ ಎಂಟು ಸಾಲು ಬ್ಯಾರಿಗೆ ಹೊರಳಬಹುದು, ಮೂರನೆಯದರಲ್ಲಿ ಮೊಗ್ರಾಲಿನ ಮಾಪ್ಪಿಳ ಹಾಡುಗಳ ಧಾಟಿಯಾದ ಇಶಲುಗಳ ನೆರಳು ಬೀಳಬಹುದು. ಎಲ್ಲ ಸೇರಿದಾಗ ಊರು ಕೇಳಿಸುತ್ತದೆ.

ಒಂದು ಕೇರಿಯನ್ನು ಇಡಿಯಾಗಿ ಕೇಳಿಸುವ ಕೆಲಸವನ್ನು ರ‍್ಯಾಪ್ ಆಲ್ಬಂಗಳು ಮಾಡುತ್ತಲೇ ಬಂದಿವೆ. ಹಿಪ್ ಹಾಪ್ ಹುಟ್ಟಿದ್ದು 1973ರ ಆಗಸ್ಟ್‌ನಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್‌ನ ಅಪಾರ್ಟ್‌ಮೆಂಟ್ ಒಂದರಲ್ಲಿ ಡಿಜೆ ಕೂಲ್ ಹರ್ಕ್ ನಡೆಸಿದ ಪಾರ್ಟಿಯಲ್ಲಿ ಎಂದು ಹೇಳುವ ವಾಡಿಕೆಯಿದೆ. 1994ರಲ್ಲಿ ಅದೇ ನಗರದ ಕ್ವೀನ್ಸ್‌ಬ್ರಿಜ್ ವಸತಿ ಸಮುಚ್ಚಯದಲ್ಲಿ ಬೆಳೆದ ಹುಡುಗ ನ್ಯಾಸ್ ಸುಮಾರು ನಲವತ್ತು ನಿಮಿಷದ ತನ್ನ ಮೊದಲ ಆಲ್ಬಂ ಬಿಟ್ಟ. ಆ ಸಮುಚ್ಚಯವನ್ನು ಕಣ್ಣಿಂದ ನೋಡದವರಿಗೂ ಅಲ್ಲಿನ ಮೆಟ್ಟಿಲು, ಕಿಟಕಿ, ಬೆಂಚು ಗೊತ್ತಾದವು. ನಮ್ಮಲ್ಲೇ ನೋಡಿದರೆ, ದೆಹಲಿಯ ತಿಲಕ್ ನಗರದ ಪ್ರಭ್ ದೀಪ್ 2017ರಲ್ಲಿ ತಮ್ಮ ಮೊದಲ ಆಲ್ಬಂ ತಂದರು. ಭಾಂಗ್ಡಾ ಪಂಜಾಬಿಗೆ ಒಗ್ಗಿದ್ದ ಕಿವಿಗಳಿಗೆ ಆ ಕೇರಿಯ ಪಂಜಾಬಿ ಹೊಸದಾಗಿತ್ತು. ಸೆಝ್ ಆನ್ ದ ಬೀಟ್ ಒಬ್ಬರೇ ಅದಕ್ಕೆ ಸಂಗೀತ ಕೊಟ್ಟಿದ್ದರಿಂದ ಮೊದಲಿಂದ ಕೊನೆಯವರೆಗೆ ಒಂದೇ ಗಾಳಿ ಬೀಸುತ್ತದೆ. ಕಾಸರಗೋಡಿನವರು ಗಮನಿಸಬೇಕಾದ್ದು ಈ ಎರಡನೆಯ ಸಂಗತಿಯನ್ನು. ಹತ್ತು ಕಡೆಯಿಂದ ಹತ್ತು ಬೀಟ್ ತಂದು ಜೋಡಿಸಿದರೆ ಪಟ್ಟಿಯಾಗುತ್ತದೆ, ಆಲ್ಬಂ ಆಗುವುದಿಲ್ಲ.

ಇನ್ನು ‘ಸ್ವತಂತ್ರ’ ಎಂಬುದರ ಲೆಕ್ಕ. ಹಾಡಿನ ಮೂಲ ಧ್ವನಿಮುದ್ರಿಕೆ, ಅಂದರೆ ಮಾಸ್ಟರ್, ಕಲಾವಿದನದೇ ಆಗಿರುತ್ತದೆ. ಡಿಸ್ಟ್ರೋಕಿಡ್, ಟ್ಯೂನ್‌ಕೋರ್‌ನಂಥ ವಿತರಕರಿಗೆ ಶುಲ್ಕವನ್ನೋ ಪಾಲನ್ನೋ ಕೊಟ್ಟರೆ ಅವರು ಸ್ಪಾಟಿಫೈ, ಆ್ಯಪಲ್ ಮ್ಯೂಸಿಕ್, ಜಿಯೋಸಾವನ್ ಮುಂತಾದ ಕಡೆ ಹಾಡನ್ನು ಮುಟ್ಟಿಸುತ್ತಾರೆ. ಈ ದಾರಿಯಲ್ಲಿ ಎಷ್ಟು ದೂರ ಹೋಗಬಹುದು ಎನ್ನುವುದಕ್ಕೆ ಶಿಕಾಗೋದ ಚಾನ್ಸ್ ದ ರ‍್ಯಾಪರ್ ಹೆಸರನ್ನು ಎಲ್ಲರೂ ಎತ್ತುತ್ತಾರೆ. ಲೇಬಲ್ ಇಲ್ಲದೆ, ಸಿಡಿ ಮಾರದೆ, ಬರೀ ಸ್ಟ್ರೀಮಿಂಗ್‌ನಲ್ಲಿ 2016ರಲ್ಲಿ ಬಿಟ್ಟ ಸಂಗ್ರಹಕ್ಕೆ 2017ರಲ್ಲಿ ಅತ್ಯುತ್ತಮ ರ‍್ಯಾಪ್ ಆಲ್ಬಂ ಗ್ರ್ಯಾಮಿ ಬಂತು. ಆದರೆ ಮೊದಲ ಎರಡು ವಾರ ಅದು ತನ್ನಲ್ಲಿ ಮಾತ್ರ ಇರಲೆಂದು ಆ್ಯಪಲ್ ಐದು ಲಕ್ಷ ಡಾಲರ್ ಕೊಟ್ಟಿತ್ತು ಎಂದು ಚಾನ್ಸ್ ಅವರೇ ಹೇಳಿಕೊಂಡಿದ್ದಾರೆ. ಆ ಭಾಗವನ್ನೂ ಸೇರಿಸಿ ಹೇಳದಿದ್ದರೆ ನಮ್ಮ ಹುಡುಗರಿಗೆ ಅನ್ಯಾಯವಾಗುತ್ತದೆ.

ನಮ್ಮ ಹುಡುಗರನ್ನು ನೇರವಾಗಿ ತಟ್ಟುವ ನಿಯಮ ಬೇರೆಯೇ ಇದೆ. 2024ರ ಆರಂಭದಿಂದ ಸ್ಪಾಟಿಫೈನಲ್ಲಿ ಒಂದು ಹಾಡು ಹಿಂದಿನ 12 ತಿಂಗಳಲ್ಲಿ ಕನಿಷ್ಠ 1000 ಬಾರಿ ಕೇಳಿಸಿಕೊಂಡಿರದಿದ್ದರೆ ಅದಕ್ಕೆ ರೆಕಾರ್ಡಿಂಗ್ ರಾಯಲ್ಟಿಯೇ ಇಲ್ಲ. ಲೆಕ್ಕ ಹಾಡು ಹಾಡಿಗೂ ಬೇರೆ ಬೇರೆ, ಆಲ್ಬಮಿಗೆ ಒಟ್ಟಾಗಿ ಅಲ್ಲ. ಹತ್ತು ಹಾಡುಗಳ ಆಲ್ಬಮಿನಲ್ಲಿ ಎರಡು ಓಡಿ, ಉಳಿದ ಎಂಟು ತಲಾ 900 ಸಲ ಕೇಳಿಸಿಕೊಂಡವು ಎಂದಿಟ್ಟುಕೊಳ್ಳಿ. 7200 ಸಲ ಕೇಳಿದ್ದಕ್ಕೆ ಕಲಾವಿದನಿಗೆ ಸಿಗುವುದು ಸೊನ್ನೆ. ಹಿಂದಿ, ಪಂಜಾಬಿಯ ಹೆಸರಾದ ಕಲಾವಿದರಿಗೆ ಈ ಗೆರೆ ಕಾಣಿಸುವುದೂ ಇಲ್ಲ. ಸಣ್ಣ ಊರಿನ, ಸಣ್ಣ ಭಾಷಾ ಸಮುದಾಯದ ಹುಡುಗನಿಗೆ ಅದು ಗೋಡೆಯಾಗುತ್ತದೆ. ಹಾಗೆಯೇ, ಪ್ಲೇಲಿಸ್ಟ್ ಸಂಪಾದಕರ ಗಮನಕ್ಕೆ ಹೊಸ ಹಾಡನ್ನು ತರುವ ಅವಕಾಶ ಬಿಡುಗಡೆಗೆ ಮೊದಲು ಸಿಗುವುದು ಒಂದು ಸಲಕ್ಕೆ ಒಂದೇ ಹಾಡಿಗೆ. ಆಲ್ಬಮಿನ ಉಳಿದ ಒಂಬತ್ತು ತಮ್ಮ ಪಾಡಿಗೆ ತಾವು ಬದುಕಿಕೊಳ್ಳಬೇಕು. ಹೀಗಿರುವಾಗ ಬಿಡಿ ಹಾಡು ಬಿಡುವವನು ಸೋಮಾರಿಯಲ್ಲ. ಅವನು ವ್ಯವಸ್ಥೆ ಹೇಳಿದಂತೆ ನಡೆಯುತ್ತಿದ್ದಾನೆ ಅಷ್ಟೆ.

ಇಲ್ಲಿ ಕಾಸರಗೋಡಿಗೆ ಒಂದು ಅನುಕೂಲವಿದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಂತಿಲ್ಲ. ಪ್ರತಿ ಸ್ಟ್ರೀಮಿಗೆ ಇಷ್ಟು ಎಂಬ ನಿಗದಿತ ದರ ಇಲ್ಲ. ಆಯಾ ದೇಶದಲ್ಲಿ ಚಂದಾ, ಜಾಹೀರಾತಿನಿಂದ ಕೂಡಿದ ಮೊತ್ತದಲ್ಲಿ ಪಾಲು ಹಂಚುತ್ತಾರೆ. ಹಾಗಾಗಿ ಚಂದಾ ದುಬಾರಿಯಿರುವ ದೇಶದ ಕೇಳುಗ ಒಮ್ಮೆ ಕೇಳಿದರೆ ಬರುವ ದುಡ್ಡು ಭಾರತದ ಕೇಳುಗ ಒಮ್ಮೆ ಕೇಳಿದ್ದಕ್ಕಿಂತ ಹೆಚ್ಚು. ಕಾಸರಗೋಡಿನಲ್ಲಿ ಗಲ್ಫ್‌ನಲ್ಲಿ ಒಬ್ಬರಾದರೂ ಇಲ್ಲದ ಕುಟುಂಬ ಕಡಿಮೆ. ದುಬೈ, ಶಾರ್ಜಾ, ದೋಹಾದ ಕೋಣೆಗಳಲ್ಲಿ ಊರಿನ ಮಾತಿಗೆ ಹಾತೊರೆಯುವ ಕಿವಿಗಳಿವೆ. ಅವರು ಕುಟುಂಬದ ಗುಂಪಿನಲ್ಲಿ ಬಂದ ಎಂಪಿ3 ಕಡತವನ್ನು ಕೇಳಿ ಸುಮ್ಮನಾಗುತ್ತಾರೆ, ಅದರಿಂದ ಹಾಡಿದವನಿಗೆ ಏನೂ ದಕ್ಕುವುದಿಲ್ಲ. ಕಡತದ ಬದಲು ಆಲ್ಬಮಿನ ಕೊಂಡಿ ಕಳಿಸಿ ಎಂದು ಹೇಳಿಕೊಡುವುದೇ ಇಲ್ಲಿನ ಕಲಾವಿದನ ಮೊದಲ ಪ್ರಚಾರವಾಗಬೇಕು.

ಭಾಷೆಯ ಕಾಲಂ ಇನ್ನೊಂದು ತೊಡಕು. ಹಾಡು ಏರಿಸುವಾಗ ವಿತರಕರ ಫಾರ್ಮಿನಲ್ಲಿ ಸಾಹಿತ್ಯದ ಭಾಷೆ ಯಾವುದು ಎಂದು ಸಾಮಾನ್ಯವಾಗಿ ಒಂದನ್ನೇ ಆರಿಸಬೇಕು. ಅಂತಾರಾಷ್ಟ್ರೀಯ ಎರಡಕ್ಷರದ ಭಾಷಾ ಸಂಕೇತ ಕನ್ನಡಕ್ಕಿದೆ, ಮಲಯಾಳಕ್ಕಿದೆ. ತುಳುವಿಗಿಲ್ಲ, ಕೊಂಕಣಿಗಿಲ್ಲ, ಬ್ಯಾರಿಗಿಲ್ಲ. ತುಳು ಹಾಡನ್ನು ಕನ್ನಡವೆಂದು ಹಾಕಿದರೆ ಅದು ಬೆಂಗಳೂರಿನ ಕೇಳುಗನ ಮುಂದೆ ಹೋಗಿ ನಿಲ್ಲುತ್ತದೆ, ಅವನು ಅರ್ಥವಾಗದೆ ಕೆಲವೇ ಸೆಕೆಂಡಿನಲ್ಲಿ ದಾಟಿಸುತ್ತಾನೆ. ಮೂವತ್ತು ಸೆಕೆಂಡು ಕೇಳದಿದ್ದರೆ ಅದು ಲೆಕ್ಕಕ್ಕೇ ಇಲ್ಲ. ನನ್ನ ಅಭಿಪ್ರಾಯ ಇಷ್ಟು: ಅರ್ಧಕ್ಕಿಂತ ಹೆಚ್ಚು ಸಾಲು ಕನ್ನಡದಲ್ಲಿರುವ ಹಾಡನ್ನು ಮಾತ್ರ ಕನ್ನಡವೆಂದು ಹಾಕಿ, ಸಂಪಾದಕರ ಮುಂದೆ ಇಡುವುದು ಅಂಥದ್ದನ್ನೇ ಆಗಲಿ, ಉಳಿದವು ಆಲ್ಬಮಿನೊಳಗೆ ಅದರ ಬೆನ್ನು ಹಿಡಿದು ಬರಲಿ. ಆಲ್ಬಮಿಗೆ ಇದು ಸಾಧ್ಯ, ಬಿಡಿ ಹಾಡಿಗೆ ಬೆನ್ನು ಹಿಡಿಯಲು ಏನಿದೆ?

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಮಾತಿಗೆ ಬರುತ್ತೇನೆ. ಕನ್ನಡ ರ‍್ಯಾಪ್‌ಗೆ ಹೊಂದುವುದಿಲ್ಲ, ಪದಗಳು ಉದ್ದ ಎಂಬ ದೂರು ಆಗಾಗ ಕೇಳಿಬರುತ್ತದೆ. ತೊಂದರೆ ಉದ್ದದ್ದಲ್ಲ. ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ, ‘ಅಲ್ಲಿ’, ‘ಇಂದ’, ‘ತ್ತೇನೆ’ ಎಂಬ ಪ್ರತ್ಯಯಗಳು ಎಲ್ಲೆಲ್ಲೂ ಬರುತ್ತವೆ. ಸಾಲಿನ ಕೊನೆಯಲ್ಲಿ ‘ಬರ್ತೇನೆ, ಹೋಗ್ತೇನೆ, ನೋಡ್ತೇನೆ’ ಎಂದರೆ ಪ್ರಾಸ ಕೂಡಿತು, ಆದರೆ ಅದರಲ್ಲಿ ಶ್ರಮವೂ ಇಲ್ಲ, ಸುಖವೂ ಇಲ್ಲ. ಹಳೆಯ ಕನ್ನಡ ಕವಿಗಳು ಪ್ರಾಸವನ್ನು ಸಾಲಿನ ಕೊನೆಯಿಂದ ಎತ್ತಿ ತಲೆಗೆ ತಂದು, ಎರಡನೆಯ ಅಕ್ಷರದಲ್ಲಿ ಇಟ್ಟರು. ಮಾತ್ರೆಯ ಲೆಕ್ಕವಂತೂ ಬೀಟಿಗೆಂದೇ ಮಾಡಿದಂತಿದೆ. ರ‍್ಯಾಪ್‌ನ ಒಂದು ಬಾರ್ ಎಂದರೆ ನಾಲ್ಕು ಪೆಟ್ಟು. ಪ್ರತಿ ಪೆಟ್ಟನ್ನು ನಾಲ್ಕಾಗಿ ಒಡೆದರೆ ಹದಿನಾರು. ಮಂದಾನಿಲ ರಗಳೆಯ ಸಾಲಿನಲ್ಲೂ ನಾಲ್ಕು ಮಾತ್ರೆಯ ನಾಲ್ಕು ಗಣ, ಒಟ್ಟು 16 ಮಾತ್ರೆ. ತೋರಿಸಲಿಕ್ಕೆಂದು ಎರಡು ಸಾಲು ಕಟ್ಟುತ್ತೇನೆ:

ಬಸ್ಸಿನ ಬೋರ್ಡಲಿ ಹೆಸರೇ ಬೇರೆ
ಮೆಸ್ಸಿನ ಊಟಕೆ ರುಚಿಯೂ ಬೇರೆ

ಬಸ್ಸಿನ, ಬೋರ್ಡಲಿ, ಹೆಸರೇ: ಒಂದೊಂದೂ ನಾಲ್ಕು ಮಾತ್ರೆ. ‘ಬೇರೆ’ಯ ಕೊನೆಯನ್ನು ತುಸು ಎಳೆದರೆ ಅದೂ ನಾಲ್ಕು. ನಾಲ್ಕು ಪದ ನಾಲ್ಕು ಪೆಟ್ಟಿನ ಮೇಲೆ ಸರಿಯಾಗಿ ಕೂರುತ್ತವೆ. ಎರಡೂ ಸಾಲಿನ ಎರಡನೆಯ ಅಕ್ಷರ ‘ಸ್ಸಿ’ ಆಗಿರುವುದರಿಂದ ಮೊದಲ ಪೆಟ್ಟು ಬಿದ್ದೊಡನೆಯೇ ಕಿವಿಗೆ ಪ್ರಾಸ ಸಿಗುತ್ತದೆ. ಮೂರು ಮಾತ್ರೆಯ ಗಣಗಳ ಉತ್ಸಾಹ ರಗಳೆಯನ್ನು ತೆಗೆದುಕೊಂಡರೆ, ಇವತ್ತಿನ ಟ್ರ್ಯಾಪ್ ಹಾಡುಗಳ ‘ಟ್ರಿಪ್ಲೆಟ್’ ನಡೆ, ಅಂದರೆ ಮೂರು ಮೂರಾಗಿ ಒಡೆದ ನಡೆ, ತಾನಾಗಿ ಬರುತ್ತದೆ. ಭಾಮಿನಿ ಷಟ್ಪದಿ ಮಾತ್ರ ಒಗ್ಗುವುದಿಲ್ಲ. ಮೂರು ನಾಲ್ಕು, ಮೂರು ನಾಲ್ಕು ಎಂದು ಏಳರ ಲೆಕ್ಕದಲ್ಲಿ ನಡೆಯುವ ಅದಕ್ಕೆ ನಾಲ್ಕು ಪೆಟ್ಟಿನ ಬೀಟ್ ಸಾಲದು. ಆದರೆ ಏಳರ ನಡೆ ಇಲ್ಲಿನವರಿಗೆ ಅಪರಿಚಿತವೇ? ಯಕ್ಷಗಾನದ ತ್ರಿವುಡೆ ತಾಳ ಏಳರದ್ದೇ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯಲ್ಲಿ ಕೂತು ಬೀಟ್ ಮಾಡುವವನು ಅಮೆರಿಕದ ಅಟ್ಲಾಂಟಾದ ಟ್ರ್ಯಾಪ್ ಬೀಟನ್ನು ನಕಲು ಮಾಡುವ ಬದಲು ಏಳರ ಲೆಕ್ಕದಲ್ಲಿ ಮದ್ದಳೆ ಕೂರಿಸಿದರೆ, ಅಂಥ ಧ್ವನಿ ಬೇರೆಲ್ಲೂ ಸಿಗಲಾರದು.

ತಾಳಮದ್ದಲೆಯಿಂದ ಕಲಿಯುವುದು ಇನ್ನೂ ಹೆಚ್ಚಿದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತು ಕಟ್ಟುತ್ತಾರೆ, ಎದುರಾಳಿಯ ಮಾತಿನ ಎಳೆ ಹಿಡಿದು ಅಲ್ಲಿಯೇ ತಿರುಗಿಸುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿ ಬೆಳೆದ ಮಣ್ಣಿದು. ರ‍್ಯಾಪ್ ಬ್ಯಾಟಲ್ ಜೊತೆ ಇದನ್ನು ಹೋಲಿಸುವವರಿದ್ದಾರೆ. ಒಂದು ವ್ಯತ್ಯಾಸವನ್ನು ಮರೆಯಬಾರದು: ರ‍್ಯಾಪರ್ ಬ್ಯಾಟಲಿನಲ್ಲಿ ಹೆಚ್ಚಾಗಿ ತಾನಾಗಿಯೇ ಮಾತಾಡುತ್ತಾನೆ, ಅರ್ಥಧಾರಿ ಇವತ್ತು ಕರ್ಣನಾಗಿ ವಾದಿಸಿದ್ದಕ್ಕೆ ನಾಳೆ ಕೃಷ್ಣನಾಗಿ ಉತ್ತರ ಕೊಡಬಲ್ಲ. ಪೂರ್ಣ ಆಲ್ಬಮಿಗೆ ಈ ಗುಣ ಬೇಕು. ಹತ್ತು ಹಾಡಿನಲ್ಲೂ ‘ನಾನು, ನನ್ನ ಹೋರಾಟ, ನನ್ನ ಹೇಟರ್ಸ್’ ಎಂದರೆ ನಾಲ್ಕನೆಯ ಹಾಡಿಗೇ ಕೇಳುಗ ಎದ್ದುಹೋಗುತ್ತಾನೆ. ಒಂದು ಹಾಡು ಗಲ್ಫ್‌ನಲ್ಲಿರುವ ಅಪ್ಪನ ಬಾಯಲ್ಲಿ, ಒಂದು ಕಂಗಿನ ತೋಟದ ಕೂಲಿಯ ಬಾಯಲ್ಲಿ, ಒಂದು ಕನ್ನಡ ಮಾಧ್ಯಮ ಬಿಡಿಸಿ ಮಗಳನ್ನು ಇಂಗ್ಲಿಷ್ ಶಾಲೆಗೆ ಹಾಕಿದ ತಾಯಿಯ ಬಾಯಲ್ಲಿ ಬರಲಿ. ಆ ತಾಯಿಗೂ ಅವಳದೇ ವಾದವಿದೆ, ಅದನ್ನು ಗೆಲ್ಲುವಂತೆ ಬರೆಯುವುದು ಅರ್ಥಗಾರಿಕೆಯ ಪಾಠ. ಕೇರಳದ ಶಾಲಾ ಕಲೋತ್ಸವದಲ್ಲಿ ಕನ್ನಡ ಕಂಠಪಾಠ, ಯಕ್ಷಗಾನ ಸ್ಪರ್ಧೆಯ ವಿಭಾಗಗಳಾಗಿವೆ. ಅಂದರೆ ನಾಲಗೆ ಹೊರಳಿಸುವ, ತಾಳ ಹಿಡಿಯುವ ತರಬೇತಿ ಪ್ರತಿ ವರ್ಷ ಮಕ್ಕಳಿಗೆ ಸಿಗುತ್ತಲೇ ಇದೆ. ಶಾಲೆ ಮುಗಿದ ದಿನ ಅದು ಕಡಿದುಹೋಗುತ್ತದೆ.

ಹೇಳುವುದಕ್ಕೆ ವಿಷಯವೇನು ಕಡಿಮೆಯೇ? ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಬಡಗಣ ಭಾಗ ಕರ್ನಾಟಕಕ್ಕೆ ಬರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿತು, ಅದು ಆಗಲಿಲ್ಲ. ಕಯ್ಯಾರ ಕಿಞ್ಞಣ್ಣ ರೈಗಳ ಕಾಲದ ಕವಿತೆ ಕರ್ನಾಟಕದ ಕಡೆಗೆ ಮುಖ ಮಾಡಿ, ಬನ್ನಿ, ನಮ್ಮನ್ನು ಉಳಿಸಿ ಎಂದು ಕೂಗಿತು. ಈಗಿನ ಹುಡುಗನ ಅನುಭವ ಅಷ್ಟು ಸರಳವಾಗಿಲ್ಲ. 2017ರ ಕಾನೂನಿನಿಂದ ಕೇರಳದ ಶಾಲೆಗಳಲ್ಲಿ ಮಲಯಾಳ ಕಡ್ಡಾಯವಾಯಿತು. 2021ರಲ್ಲಿ ಊರಿನ ಕನ್ನಡ ಹೆಸರುಗಳನ್ನು ಬದಲಿಸುತ್ತಾರೆ ಎಂಬ ವಿವಾದ ಎದ್ದು, ಅಂಥ ಯೋಚನೆ ಇಲ್ಲವೆಂದು ಕೇರಳ ಹೇಳಬೇಕಾಯಿತು. ಇದು ಒಂದು ಕಡೆ. ಇನ್ನೊಂದು ಕಡೆ 2020ರ ಮಾರ್ಚ್. ಕೋವಿಡ್ ಬಂದಾಗ ಕರ್ನಾಟಕ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ಗಡಿಯ ತಲಪಾಡಿಯಲ್ಲಿ ನಿಂತರು, ಚಿಕಿತ್ಸೆ ಸಿಗದೆ ಜೀವಗಳು ಹೋದವು, ವಿಷಯ ಸುಪ್ರೀಂ ಕೋರ್ಟಿನ ತನಕ ಮುಟ್ಟಿತು. ಯಾರನ್ನು ಬನ್ನಿ ಎಂದು ಕರೆದಿದ್ದೆವೋ ಅವರೇ ದಾರಿ ಮುಚ್ಚಿದರು ಎಂಬ ನೋವಿಗೆ ಕನ್ನಡದಲ್ಲಿ ಇನ್ನೂ ಹಾಡು ಹುಟ್ಟಬೇಕಿದೆ. ಎಂಡೋಸಲ್ಫಾನ್ ಕೀಟನಾಶಕದ ಕಥೆಯಿದೆ. ಸರ್ಕಾರಿ ಗೇರು ತೋಟಗಳ ಮೇಲೆ ಎರಡು ದಶಕ ಹೆಲಿಕಾಪ್ಟರಿನಿಂದ ಸುರಿದ ವಿಷ ಪಡ್ರೆ, ಸ್ವರ್ಗ, ಎಣ್ಮಕಜೆಯ ಮಕ್ಕಳ ಮೈಯಲ್ಲಿ ಕಾಣಿಸಿತು. ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಿ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ ಮೇಲೂ ತಾಯಂದಿರು ಧರಣಿ ಕೂತರು. ಇದನ್ನು ಒಂದು ಕೋರಸ್, ಎರಡು ವರ್ಸ್‌ನ ಬಿಡಿ ಹಾಡಿಗೆ ತುರುಕಿದರೆ ಘೋಷಣೆಯಾಗುತ್ತದೆ. ಆಲ್ಬಮಿನ ನಡುವೆ, ಮುಂದಿನ ಹಿಂದಿನ ಹಾಡುಗಳ ಆಸರೆಯಲ್ಲಿ ಬಂದರೆ ಅದಕ್ಕೆ ಉಸಿರಾಡಲು ಜಾಗ ಸಿಗುತ್ತದೆ.

ರೆಕಾರ್ಡಿಂಗ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಂದು ಮೈಕ್, ಒಂದು ಆಡಿಯೋ ಇಂಟರ್‌ಫೇಸ್, ಒಂದು ಲ್ಯಾಪ್‌ಟಾಪ್ ಇದ್ದರೆ ಸ್ಟುಡಿಯೋ ಆಯಿತು. ಇಲ್ಲಿನ ನಿಜವಾದ ಶತ್ರು ಮಳೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಬರುವ ಜಿಲ್ಲೆಯಲ್ಲಿ, ಶೀಟ್ ಹಾಕಿದ ಮಾಡಿನ ಕೆಳಗೆ ಆಷಾಢದಲ್ಲಿ ಒಂದು ಸಾಲೂ ಸ್ವಚ್ಛವಾಗಿ ಹಿಡಿಯಲಾಗುವುದಿಲ್ಲ. ಗೋಡೆಗೆ ಕಂಬಳಿ ಕಟ್ಟಿದರೆ ಪ್ರತಿಧ್ವನಿ ತಗ್ಗುತ್ತದೆ, ಮೇಲಿನಿಂದ ಬರುವ ಸದ್ದು ತಗ್ಗುವುದಿಲ್ಲ. ಮಳೆಗಾಲದಲ್ಲಿ ಬರೆದು, ಬೀಟ್ ಕಟ್ಟಿ, ನವೆಂಬರ್‌ನಿಂದ ಮಾರ್ಚ್‌ವರೆಗೆ ಧ್ವನಿ ಹಿಡಿಯುವುದು ಜಾಣತನ.

ಹಕ್ಕಿನ ವಿಷಯದಲ್ಲಿ ಮಾತ್ರ ಅವಸರ ಸಲ್ಲದು. ಅಂತರ್ಜಾಲದಲ್ಲಿ ಕಡಿಮೆ ಬೆಲೆಗೆ ಸಿಗುವ ಬೀಟ್ ಹೆಚ್ಚಾಗಿ ಬಾಡಿಗೆಯದು, ಅದೇ ಬೀಟ್ ಇನ್ನೂ ನೂರು ಜನರ ಬಳಿ ಇರಬಹುದು. ಅಂಥ ಹಾಡನ್ನು ಯೂಟ್ಯೂಬಿನ ಹಾಡಿನ ಒಡೆತನ ಗುರುತಿಸುವ ಕಂಟೆಂಟ್ ಐಡಿ ವ್ಯವಸ್ಥೆಯಲ್ಲಿ ತನ್ನದೆಂದು ನೋಂದಾಯಿಸಲು ಬರುವುದಿಲ್ಲ. ಗೆಳೆಯನ ಜೊತೆ ಮಾಡಿದ್ದಾದರೂ ಕಾಗದ ಬೇಕು. ನಮ್ಮ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಿಕೆಯ ಮೊದಲ ಒಡೆಯ ಅದರ ನಿರ್ಮಾಪಕ, ಅಂದರೆ ಅದನ್ನು ಮಾಡಲು ಮುಂದಾಗಿ ಹೊಣೆ ಹೊತ್ತವನು. ಹಾಡಿದವನೇ ಎಂದೇನಿಲ್ಲ. ಹಕ್ಕನ್ನು ಬಿಟ್ಟುಕೊಡುವುದಾದರೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಎಂದೂ ಪ್ರದೇಶ ಬರೆಯದಿದ್ದರೆ ಭಾರತ ಎಂದೂ ಕಾನೂನು ಹಿಡಿಯುತ್ತದೆ. ಸಾಹಿತ್ಯ ಬರೆದವರ, ಸಂಗೀತ ಕೊಟ್ಟವರ ರಾಯಲ್ಟಿ ಪಾಲನ್ನು 2012ರ ತಿದ್ದುಪಡಿ ಕಾಪಾಡಿತು, ಅದನ್ನು ಪಡೆಯಲು ರಾಯಲ್ಟಿ ಸಂಗ್ರಹಿಸಿ ಹಂಚುವ ಸಂಸ್ಥೆಯಾದ ಐಪಿಆರ್‌ಎಸ್ ಸದಸ್ಯತ್ವ ಬೇಕು. ದೊಡ್ಡವರಿಗೇ ಇದರಲ್ಲಿ ಪೆಟ್ಟು ಬಿದ್ದಿದೆ. 2021ರಲ್ಲಿ ಲೋಕವೆಲ್ಲ ಕೇಳಿದ ತಮಿಳಿನ ‘ಎಂಜಾಯ್ ಎಂಜಾಮಿ’ಯಿಂದ ತಮಗೆ ದುಡ್ಡೇ ಬಂದಿಲ್ಲ ಎಂದು ಅದರ ಸಂಗೀತ ನಿರ್ದೇಶಕ ಸಂತೋಷ್ ನಾರಾಯಣನ್ 2024ರಲ್ಲಿ ಬಹಿರಂಗವಾಗಿ ಹೇಳಿದರು.

ತುಳುವಿನ ಪಾಡ್ದನ, ತೆಯ್ಯದ ಆಚರಣೆಯಲ್ಲಿ ಹಾಡುವ ತೋಟ್ಟಂ, ಯಕ್ಷಗಾನದ ಪದ ಕತ್ತರಿಸಿ ಬೀಟಿಗೆ ಸೇರಿಸುವ ಆಸೆ ಎಲ್ಲರಿಗೂ ಇದೆ. ಪಾರ್ತಿಸುಬ್ಬನ ಸಾಹಿತ್ಯಕ್ಕೆ ಕೃತಿಸ್ವಾಮ್ಯವಿಲ್ಲ ನಿಜ, ಅದನ್ನು ಹಾಡಿದ ಭಾಗವತರ ಧ್ವನಿಮುದ್ರಿಕೆಗೆ 60 ವರ್ಷ ಇದೆ, ಕಲಾವಿದನ ಹಕ್ಕು 50 ವರ್ಷ ಇದೆ. ಕಾನೂನನ್ನು ಮೀರಿದ ಮಾತೂ ಇಲ್ಲಿದೆ. ನಲಿಕೆ, ಪಂಬದ, ಮಲಯ, ವಣ್ಣಾನ್ ಸಮುದಾಯಗಳು ತಲೆತಲಾಂತರದಿಂದ ಉಳಿಸಿಕೊಂಡು ಬಂದ ಧ್ವನಿಯನ್ನು ಯಾರೋ ಹಿಡಿದ ವಿಡಿಯೋದಿಂದ ಎತ್ತಿ, ಹೆಸರಿಲ್ಲದೆ ಅಲಂಕಾರಕ್ಕೆ ಬಳಸುವುದು ದುಡಿದವರಿಗೆ ಮಾಡುವ ಅನ್ಯಾಯ. ಮನೆಗೆ ಹೋಗಿ ಕೇಳಬೇಕು. ಒಪ್ಪಿದರೆ ಸ್ಟುಡಿಯೋಗೆ ಕರೆದು ಹೊಸದಾಗಿ ಹಾಡಿಸಿ, ಸಂಭಾವನೆ ಕೊಟ್ಟು, ಆಲ್ಬಮಿನ ಮೇಲೆ ಹೆಸರು ಹಾಕಬೇಕು. ಒಪ್ಪದಿದ್ದರೆ ಬಿಡಬೇಕು.

ಗಡಿನಾಡ ಕನ್ನಡಕ್ಕೆ ಸಿಗುವ ಸರ್ಕಾರದ, ಸಂಘ ಸಂಸ್ಥೆಗಳ ನೆರವು ಬಹುಪಾಲು ಸಮ್ಮೇಳನ, ಉತ್ಸವಗಳಿಗೆ ಹೋಗುತ್ತದೆ. ಅದರಲ್ಲಿ ಒಂದು ಸಂಜೆಯ ಒಂದು ಗಂಟೆಯನ್ನು ಇಂಥ ಆಲ್ಬಮಿಗೆ ಕೊಡಿ ಎಂದು ಸಂಘಟಕರನ್ನು ಕೇಳುತ್ತೇನೆ. ಊರಿನ ಆರ್ಟ್ಸ್ ಆ್ಯಂಡ್ ಸ್ಪೋರ್ಟ್ಸ್ ಕ್ಲಬ್ಬುಗಳು ವಾರ್ಷಿಕೋತ್ಸವಕ್ಕೆ ಸಿನಿಮಾ ಹಾಡು ಹೇಳುವವರನ್ನು ಕರೆಯುವ ಬದಲು ಒಮ್ಮೆ ಆಲ್ಬಂ ಮಾಡಿದ ಹುಡುಗನನ್ನು ಕರೆಯಲಿ, ಎಲ್ಲರಿಗೂ ಕೊಡುವ ಸಂಭಾವನೆಯನ್ನೇ ಕೊಡಲಿ. ಲಾಸ್ ಏಂಜಲೀಸ್‌ನ ನಿಪ್ಸೆ ಹಸಲ್ 2013ರಲ್ಲಿ ತನ್ನ ಮಿಕ್ಸ್‌ಟೇಪನ್ನು ಅಂತರ್ಜಾಲದಲ್ಲಿ ಉಚಿತವಾಗಿ ಬಿಟ್ಟು, ಅದರ 1000 ಪ್ರತಿಗಳನ್ನು ತಲಾ 100 ಡಾಲರಿಗೆ ಮಾರಿದ, ಎಲ್ಲವೂ ಒಂದು ದಿನದೊಳಗೆ ಹೋದವು. ನಮ್ಮಲ್ಲಿ ಅಷ್ಟು ಬೆಲೆ ಬೇಡ, ಸಿಡಿಯೂ ಬೇಡ, ಒಂದು ಪುಸ್ತಿಕೆ ಸಾಕು. ಎಲ್ಲ ಹಾಡುಗಳ ಸಾಹಿತ್ಯ ಕನ್ನಡ ಲಿಪಿಯಲ್ಲಿ, ತುಳು, ಬ್ಯಾರಿ ಸಾಲುಗಳೂ ಅದೇ ಲಿಪಿಯಲ್ಲಿ, ಹಾಡಿದವರ, ಮದ್ದಳೆ ನುಡಿಸಿದವರ, ಮಿಕ್ಸ್ ಮಾಡಿದವರ ಹೆಸರು ಕೊನೆಯ ಪುಟದಲ್ಲಿ, ಹೊದಿಕೆಯ ಮೇಲೆ ಆಲ್ಬಮಿಗೆ ಕರೆದೊಯ್ಯುವ ಒಂದು ಕ್ಯೂಆರ್ ಕೋಡ್. ಬದಿಯಡ್ಕದಲ್ಲೋ ಕಾಸರಗೋಡಿನಲ್ಲೋ ಯಕ್ಷಗಾನದ ಕರಪತ್ರ ಅಚ್ಚು ಹಾಕುವ ಪ್ರೆಸ್ಸಿನಲ್ಲೇ ಇಂಥ ಪುಸ್ತಿಕೆ ಆಗುತ್ತದೆ. ಐವತ್ತು ರೂಪಾಯಿ ಇಟ್ಟು ಜಾತ್ರೆಯ ಸಂತೆಯಲ್ಲಿ, ಕಲೋತ್ಸವದ ಅಂಗಳದಲ್ಲಿ ಮಾರಬಹುದು, ಗಲ್ಫ್‌ಗೆ ಹೊರಟವರ ಪೆಟ್ಟಿಗೆಯಲ್ಲಿ ಹತ್ತು ಪ್ರತಿ ಇಡಬಹುದು.